ಬಾಯಿ ಮುಚ್ಚುವ ತರಬೇತಿ

ಮಾಸ್ತರನ ಬಾಯಿಗೆ ಬೀಗ ಹಾಕಲು ಹೋದಲ್ಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದಲ್ಲಿ ಸುತ್ತಲಿನ ತಾಲೂಕುಗಳ ಹೈಸ್ಕೂಲು ಮಾಸ್ತರರನ್ನು ಸವದತ್ತಿಯಲ್ಲಿ ಕೂಡಿಸಿ, ಮಕ್ಕಳಿಗೂ ಪಾಲಕರಿಗೂ ಆಪ್ತಸಲಹೆ ನೀಡುವ ತರಬೇತಿ ಕೊಟ್ಟರು. ನಾನು ಹೋದದ್ದಕ್ಕೆ ಕಾರಣ ಒಂದೇ. ನನ್ನ ಕ್ಲಾಸಿನ ಜಾಣ ಹುಡುಗಿಯೊಬ್ಬಳನ್ನು ಅವಳಪ್ಪ ಸಾಲಿ ಬಿಡಿಸುವವನಿದ್ದ. ನಾನು ಬುದ್ಧಿ ಹೇಳಿದಷ್ಟೂ ಅವನ ಹಟ ಬೆಳೆಯುತ್ತಿತ್ತು.

೧. ಗೋಡೆ

ಕಲಿಸಲು ಧಾರವಾಡದಿಂದ ಬಂದ ಅಕ್ಕೋರು ಮೊದಲ ದಿನವೇ ಹೇಳಿದರು: "ಬಂದವರು ಮಾತಾಡ್ಲಿ. ನೀವು ಬರೇ ಕೇಳ್ರಿ. ಬುದ್ಧಿ ಹೇಳಬ್ಯಾಡ್ರಿ."

ಬೈಲಹೊಂಗಲದ ಡ್ರಿಲ್ ಮಾಸ್ತರರು ಎದ್ದು ನಿಂತರು. "ಹಂಗಾರ ನಾವ್ಯಾಕ ಬೇಕ್ರಿ? ಗ್ವಾಡಿ ಮುಂದ ಕುಂತು ಹೇಳ್ಕೊಳ್ಲಿ!"

ಅಕ್ಕೋರು ಸಿಟ್ಟಾಗಲಿಲ್ಲ. ಅವರನ್ನೇ ನೋಡುತ್ತ ಸುಮ್ಮನೆ ಕೂತರು. ಆ ಮೌನಕ್ಕೆ ಡ್ರಿಲ್ ಮಾಸ್ತರರು ತಡವರಿಸಿ, ಮನೆಯ ಜಗಳ, ಮಗ ಮಾತು ಬಿಟ್ಟದ್ದು, ಎಲ್ಲವನ್ನೂ ನಮ್ಮೆಲ್ಲರ ಮುಂದೆ ಹೇಳಿಬಿಟ್ಟರು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು.

"ಗ್ವಾಡಿಗೆ ಇಷ್ಟೆಲ್ಲಾ ಹೇಳ್ತಿದ್ರೇನ್ರಿ?" ಅಂದರು ಅಕ್ಕೋರು.

೨. ಕೈ

ಮರುದಿನ ಪಾತ್ರ ಕಟ್ಟಿ ಕಲಿಯುವ ಆಟ. ರಾಮದುರ್ಗದ ಮಾಸ್ತರರು ವಿದ್ಯಾರ್ಥಿ, ಕಿತ್ತೂರಿನವರು ಸಲಹೆಗಾರ.

"ಲೆಕ್ಕ ತಲಿಗಿ ಹತ್ತವಲ್ದರಿ ಸರ," ಎಂದು ರಾಮದುರ್ಗದವರು ಅಳುಮೋರೆ ಮಾಡಿದ್ದೇ ತಡ, ಕಿತ್ತೂರಿನವರ ಕೈ ಅವರ ಕಿವಿ ಹಿಡಿದು ತಿರುವಿತು. ಅದಕ್ಕಿಂತ ಸೋಜಿಗವೆಂದರೆ, ತಲೆ ನರೆತ ರಾಮದುರ್ಗದವರು ಥಟ್ಟನೆ ಎದ್ದು ಬೆತ್ತದೇಟಿಗೆ ಅಂಗೈ ಚಾಚಿದರು!

"ತಪ್ಪಾತ್ರಿ, ಕೈ ತಾನ ಹೋತು," ಅಂದರು ಕಿತ್ತೂರಿನವರು.

"ನಂದೂ ತಾನ ಬಂತು ಬಿಡ್ರಿ," ಅಂದರು ರಾಮದುರ್ಗದವರು.

೩. ಎಲೆ-ಅಡಿಕೆ

ಕೊನೆಗೆ ಪರೀಕ್ಷೆ. ನಿಜವಾದ ಪಾಲಕರ ಎದುರು ಕೂಡಬೇಕು, ಬುದ್ಧಿ ಹೇಳಿದರೆ ಫೇಲು. ಅಕ್ಕೋರು ಹಿಂದೆ ಕೂತು ನೋಡುತ್ತಾರೆ. ನಾನು ಆ ಹುಡುಗಿಯ ಅಪ್ಪನನ್ನೇ ಕರೆಸಿದೆ. ಉಗರಗೋಳದಲ್ಲಿ ಅವನದು ದೇವರಿಗೆ ಏರಿಸುವ ಕುಂಕುಮ-ಭಂಡಾರ ಮಾರುವ ಅಂಗಡಿ. ನನ್ನ ನಾಲಿಗೆಯ ಮೇಲೆ ನನಗೆ ನಂಬಿಕೆಯಿರಲಿಲ್ಲ. ಅವನು ಬರುವ ಮೊದಲೇ ಬಾಯಿ ತುಂಬ ಎಲೆ-ಅಡಿಕೆ ತುರುಕಿಕೊಂಡೆ.

"ಆಕೀನ್ನ ಸಾಲಿ ಬಿಡಸಾವ್ನರಿ," ಅಂದ.

"ಹೂಂ."

"ಅಂಗಡ್ಯಾಗ ಕುಂದ್ರಾಕ ಮಂದಿಲ್ರಿ."

"ಹೂಂ?"

"ಅಂದ್ರ... ಆಳು ಅದಾನ್ರಿ." ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟ. ನನಗೆ ಮಾತಾಡುವ ಚಡಪಡಿಕೆ, ಬಾಯಿ ಬಿಟ್ಟರೆ ಅಂಗಿ ಕೆಂಪು. "ಅವರವ್ವ ತೀರಿಕೊಂಡ ಮ್ಯಾಲ ಮನಿ ಭಣಾ ಭಣಾ ಅಂತೈತ್ರಿ. ಆಕಿ ಕಣ್ಣ ಮುಂದಿರ್ಲಿ ಅಂತ..." ಎಂದವನೇ ಅತ್ತ. ಅಂಥ ಗಟ್ಟಿ ಮನುಷ್ಯ ಅಳುವುದನ್ನು ಕಂಡು ನನ್ನ ಕಣ್ಣೂ ತುಂಬಿದವು.

ಕಣ್ಣೊರೆಸಿಕೊಂಡು ಎದ್ದ. "ನನ್ನ ಸಂಕಟಕ್ಕ ಆಕೀನ್ ಕಟ್ಟಿ ಹಾಕೂದು ತಪ್ಪರಿ. ಸಾಲಿಗಿ ಬರ್ತಾಳ್ರಿ. ಎಂಥಾ ಚಲೋ ಮಾತು ಹೇಳಿದ್ರಿ ಸರ!" ಎಂದು ಕೈಮುಗಿದು ಹೋದ.

ವರ್ಷವಿಡೀ ಬಡಬಡಿಸಿ ಆಗದ್ದು ಎರಡು ಹೂಂಕಾರಕ್ಕೆ ಆಗಿತ್ತು! ಕಿಟಕಿಗೆ ಓಡಿ ಉಗುಳಿ ಬಂದೆ. ಗುಟ್ಟು ಬಯಲಾಯಿತು, ಇನ್ನು ಫೇಲೇ ಅಂದುಕೊಂಡು ತಲೆ ತಗ್ಗಿಸಿ ನಿಂತೆ.

ಅಕ್ಕೋರು ಎದ್ದು ಬಂದು ಅಂಗೈ ಚಾಚಿದರು. "ಪಾಸಾದ್ರಿ. ನನಗೂ ಒಂದೆರಡು ಎಲಿ ಕಟ್ಟಿ ಕೊಡ್ರಿ. ಐತವಾರ ಊರಿಗೆ ಹೊಂಟೇನಿ, ನಮ್ಮತ್ತಿಯವರ ಜೋಡಿ ಮಾತಾಡೂದದ."