ಚಿರತೆ ಬೋನಿನಲ್ಲಿ ಯಜಮಾನರು

ನಮ್ಮೂರಿನ ಕಾಲುದಾರಿಗಳ ವಿಷಯದಲ್ಲಿ ನನಗೆ ಯಾವನೂ ಪಾಠ ಹೇಳಬೇಕಾಗಿಲ್ಲ ಎಂದು ಆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕುಕ್ಕುತ್ತಾ ಘೋಷಿಸಿದೆ. ಕಿರಂಗೂರು ದಾಟಿ ಒಳಕ್ಕೆ ಬಂದರೆ ಸಿಗುವ ಊರು ನಮ್ಮದು. ಒಂದು ಕಡೆ ನಾಲೆ, ಇನ್ನೊಂದು ಕಡೆ ಲೋಕಪಾವನಿ ಹೊಳೆ, ನಡುವೆ ಕಬ್ಬು, ದೂರದಲ್ಲಿ ಕರಿಘಟ್ಟ. ಈಚೆಗೆ ಹೊಳೆದಂಡೆಯಲ್ಲಿ ಯಾರೋ ರೆಸಾರ್ಟ್ ಮಾಡಿ, ಬೆಂಗಳೂರಿನವರ ಕೈಗೊಂದು ಕೋಲು, ಬೆನ್ನಿಗೊಂದು ಚೀಲ ಕೊಟ್ಟು ನಮ್ಮ ಬದುಗಳ ಮೇಲೆ ನಡೆಸುತ್ತಾರೆ. ಅದಕ್ಕೆ ಟ್ರೆಕ್ಕಿಂಗ್ ಎಂದು ಹೆಸರು. ಅವರು ದಾರಿ ತಪ್ಪದಿರಲೆಂದು ಕಲ್ಲಿಗೂ ತೆಂಗಿನ ಮರಕ್ಕೂ ಹಳದಿ ಬಾಣ ಬಳಿದಿದ್ದಾರೆ. ನಾನು ಚಡ್ಡಿ ಹಾಕಿಕೊಂಡು ಏಡಿ ಹಿಡಿಯಲು ಓಡುತ್ತಿದ್ದ ದಾರಿಗೆ ಬಾಣ!

ನನ್ನ ಹೆಂಡತಿ ಸೌಮ್ಯಶ್ರೀಗೆ ಮಾತ್ರ ಆ ಬಾಣಗಳ ಮೇಲೆ ಮೋಹ. "ರೀ, ಒಂದ್ಸಲ ಅಂಗೇ ಬಾಣ ನೋಡ್ಕಂಡು ಹೊಳೆಗಂಟ ಹೋಗ್ಬುಟ್ಟು ಬರಾಣ" ಎಂದು ಅವಳು ಕೇಳಲು ಶುರುಮಾಡಿ ಬಹಳ ಕಾಲವಾಗಿತ್ತು. ನಾನು ಅಕ್ಕಸಾಲಿ, ಪಾಂಡವಪುರದಲ್ಲಿ ಅಂಗಡಿ. ದಿನವೆಲ್ಲ ಬಗ್ಗಿ ಕೂತು ಬಂಗಾರ ಬಡಿಯುವವನಿಗೆ ನಡೆಯಲು ಬಿಡುವೆಲ್ಲಿ? ಆದರೆ ಡಾಕ್ಟರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ನಡೀರಿ, ಇಲ್ಲಾಂದ್ರೆ ಮಾತ್ರೆ ನುಂಗಿ" ಎಂದ ಮೇಲೆ ನನ್ನೊಳಗೆ ಮಹಾಸಂಕಲ್ಪವೊಂದು ಉದಯಿಸಿತು. ಹೆಂಡತಿ ಕೇಳಿದಾಗ ಹುಟ್ಟದ ಸಂಕಲ್ಪ ಡಾಕ್ಟರು ಹೇಳಿದೊಡನೆ ಹುಟ್ಟಿತಲ್ಲ ಎಂಬುದನ್ನು ಅವಳು ಗಮನಿಸಿದಳು.

ಅವಳು ಮಗಳ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡಳು. ಡಬ್ಬಿಗೆ ಚಿತ್ರಾನ್ನ ತುಂಬಿದಳು. ತಲೆಗೆ ಒಂದಿಷ್ಟು ಕನಕಾಂಬರ ಮುಡಿದಳು. ಹೊಲದ ಬದುವಿನ ಮೇಲೆ ನಡೆಯುವುದಕ್ಕೆ ಹೂವು ಯಾಕೆ ಎಂದು ಕೇಳಿ ನಾನು ನಕ್ಕೆ. ಅವಳೂ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ನಾಲೆಯ ಏರಿ ಮುಗಿಯುವಲ್ಲಿ ಮೊದಲ ಬಾಣ ಬಲಕ್ಕೆ ತೋರಿಸುತ್ತಿತ್ತು. ನಾನು ಎಡಕ್ಕೆ ತಿರುಗಿದೆ.

"ಬಾಣ ಈ ಕಡೀಕೆ ಅದಲ್ರೀ" ಎಂದಳು.

"ಬಾಣ ಇರೋದು ಬೆಂಗಳೂರಿನೋರಿಗೆ ಕಣೇ. ನಂಗೆ ನನ್ ಕಾಲೇ ಹೇಳ್ತವೆ ದಾರಿಯ."

ಎಡಗಡೆ ಒಂದು ಹುಣಸೆ ಮರ, ಅದರಾಚೆ ಒಂದು ಬಂಡೆ, ಬಂಡೆಯ ಪಕ್ಕದಿಂದ ಹೊಳೆಗೆ ಇಳಿಜಾರು. ನನ್ನ ಲೆಕ್ಕ ಅದು. ಹುಣಸೆ ಮರವನ್ನು ಯಾವ ಪುಣ್ಯಾತ್ಮ ಯಾವಾಗ ಕಡಿದನೋ, ಬಂಡೆಯನ್ನು ಯಾರು ಒಡೆದು ಜಲ್ಲಿ ಮಾಡಿದರೋ, ಅಲ್ಲಿ ಕಬ್ಬು ಬಿಟ್ಟರೆ ಮತ್ತೇನೂ ಇರಲಿಲ್ಲ. ಹಿಂದಿರುಗೋಣ ಎಂದರೆ ಗಂಡಸಿನ ಮಾನದ ಪ್ರಶ್ನೆ. ಕಬ್ಬಿನೊಳಗೇ ನುಗ್ಗಿದೆ. ನಾನು ಸರಿಸಿದ ಗರಿಗಳು ಹಿಂದಕ್ಕೆ ಚಿಮ್ಮಿ ಅವಳ ಮುಖಕ್ಕೆ ಬಡಿಯುತ್ತಿದ್ದವು.

"ವಸಿ ನಿಧಾನಕ್ಕೆ ನಡೀರಿ. ಕೈಯೆಲ್ಲಾ ಕುಯ್ದೋಯ್ತಾ ಅದೆ."

"ದಾರಿ ತೋರ್ಸೋನು ಮುಂದೇನೇ ಇರ್ಬೇಕು."

"ದಾರಿ ಇದ್ರೆ ತಾನೆ?"

ಬಿಸಿಲೇರಿತು. ಕಬ್ಬಿನೊಳಗೆ ಗಾಳಿಯಿಲ್ಲ. ಕೊನೆಗೊಮ್ಮೆ ಬಯಲಿನಂಥ ಚಿಕ್ಕ ಜಾಗ ಸಿಕ್ಕಿತು. ಅದರ ನಡುವೆ ತೆಂಗಿನ ಗರಿ ಮುಚ್ಚಿದ ದೊಡ್ಡ ಕಬ್ಬಿಣದ ಬೋನು. ನಮ್ಮ ಕಡೆ ಕಬ್ಬಿನಲ್ಲಿ ಚಿರತೆ ಮರಿ ಹಾಕುವುದು ಹೊಸದೇನಲ್ಲ. ಯಾರದೋ ಕರು ಹೋಯಿತೆಂದು ಅರಣ್ಯದವರು ಬೋನಿಟ್ಟಿದ್ದಾರೆ ಎಂದು ಕೇಳಿದ್ದೆ. ಹಿಂಬದಿಯ ಪ್ರತ್ಯೇಕ ಕಂಬಿಮನೆಯಲ್ಲಿ ಒಂದು ಬೀದಿನಾಯಿ, ತನ್ನನ್ನು ಯಾಕಿಲ್ಲಿ ಕಟ್ಟಿದ್ದಾರೆಂದು ತಿಳಿಯದೆ ಮಲಗಿತ್ತು.

ದಾರಿ ತಪ್ಪಿದ್ದನ್ನು ಮರೆಸಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುತ್ತದೆಯೇ? ಯಂತ್ರದ ಮರ್ಮವನ್ನು ವಿವರಿಸತೊಡಗಿದೆ. "ನೋಡು, ಚಿರತೆ ನಾಯಿ ಆಸೆಗೆ ಒಳಕ್ಕೆ ಬತ್ತದೆ. ಈ ಹಲಗೆ ತುಳೀತದೆ. ಬಾಗ್ಲು ತಂತಾನೇ ಬೀಳ್ತದೆ. ಪ್ರಾಣಿಗೆ ಅಷ್ಟು ಬುದ್ಧಿ ಎಲ್ಲಿ..."

ಆಗ ಹಿಂದಿನ ಕಬ್ಬು ಸರಸರ ಎಂದಿತು. ನಾಯಿ ಎದ್ದು ನಿಂತು ಗುರ್ ಎಂದಿತು.

"ರೀ, ಏನೋ ಬತ್ತಾ ಅದೆ" ಎಂದಳು ಸೌಮ್ಯಶ್ರೀ.

ಮುಂದಿನದು ನನ್ನ ತಲೆ ಮಾಡಿದ ತೀರ್ಮಾನವಲ್ಲ. ಧಡಾರ್ ಎಂಬ ಸದ್ದು ಕೇಳಿ ಕಣ್ಣು ಬಿಟ್ಟಾಗ ನಾನು ಬೋನಿನ ಒಳಗಿದ್ದೆ. ಬಾಗಿಲು ಬಿದ್ದಿತ್ತು. ಅವಳು ಹೊರಗಿದ್ದಳು.

ಕಬ್ಬಿನಿಂದ ಹೊರಬಂದದ್ದು ಕಬ್ಬಿನ ಸೋಗೆಯ ಹೊರೆ ಹೊತ್ತ ನಮ್ಮೂರ ಮುದ್ದಯ್ಯ. ಹೊರೆ ಇಳಿಸಿ, ನನ್ನನ್ನು ನೋಡಿ, ಅವಳನ್ನು ನೋಡಿ, ಮತ್ತೆ ನನ್ನನ್ನು ನೋಡಿದ.

"ಏನ್ ಆಚಾರ್ರೇ, ಒಳೀಕೆ ಯಾಕೋದ್ರಿ?"

"ಬಾಗ್ಲು ಎತ್ತು ಮುದ್ದಯ್ಯ."

"ಎತ್ತಕಾಗಕಿಲ್ಲ. ಬಿದ್ಮೇಲೆ ಅದೇ ಕಚ್ಕತ್ತದೆ. ಬೀಗದ ಕೈ ಫಾರೆಸ್ಟ್ ವಾಚರ್ ತಾವ ಅದೆ. ಕರ್ಕಬತ್ತೀನಿ ತಡೀರಿ." ಹೋಗುವವನು ಸುಮ್ಮನೆ ಹೋಗಲಿಲ್ಲ. ಊರಿನ ಹಾಲಿನ ಡೈರಿಯ ಮುಂದೆ ನಿಂತು ಹೇಳಿಯೇ ಹೋದನಂತೆ.

ನಾವಿಬ್ಬರೇ ಉಳಿದೆವು. ಅವಳು ಕಂಬಿಯ ಪಕ್ಕ ಕೂತು ಮುಂಗೈಯ ಮೇಲಿನ ಗೀರುಗಳನ್ನು ಸೆರಗಿನಿಂದ ಒರೆಸಿಕೊಂಡಳು. ತಲೆ ಎತ್ತದೆಯೇ ಕೇಳಿದಳು, "ಚಿರತೇನೇ ಬಂದಿದ್ರೆ?"

"ನೀನೂ ನನ್ನ ಹಿಂದೇನೇ ಬತ್ತೀಯ ಅಂದ್ಕಂಡೆ."

"ಬಂದೆ. ಬಾಗ್ಲು ನನ್ನ ಮೂಗಿನ ಮುಂದೆ ಬಿತ್ತು."

ಅವಳು ಡಬ್ಬಿ ತೆರೆದು ತಿನ್ನತೊಡಗಿದಳು. ಡಬ್ಬಿ ಕಂಬಿಯೊಳಗೆ ತೂರುತ್ತಿರಲಿಲ್ಲ. ಹಾಗಾಗಿ ಬೆರಳ ತುದಿಯಲ್ಲಿ ಒಂದು ತುತ್ತು ಹಿಡಿದು ಕಂಬಿಯ ಸಂದಿಗೆ ಚಾಚಿದಳು. ತಿಂದೆ. ಆಮೇಲೆ ಆಚೆ ಹೋಗಿ, ಅದೇ ರೀತಿ ನಾಯಿಗೂ ಒಂದು ತುತ್ತು ಚಾಚಿದಳು. ನಾಯಿ ಬಾಲ ಅಲ್ಲಾಡಿಸಿತು. ನನಗೆ ಆ ಸೌಲಭ್ಯವೂ ಇರಲಿಲ್ಲ.

ಊರು ಬಂತು. ಸುಮ್ಮನೆ ಬರಲಿಲ್ಲ, ಫೋನು ಎತ್ತಿಕೊಂಡು ಬಂತು. ನನ್ನ ಸಹಪಾಠಿ ಚಲುವರಾಜು ಬೋನನ್ನು ಒಂದು ಸುತ್ತು ಪ್ರದಕ್ಷಿಣೆ ಹಾಕಿ, "ಚಿರತೆ ಬೀಳ್ಲಿ ಅಂತ ನಾಯಿ ಕಟ್ಟುದ್ರೆ, ಅಕ್ಕಸಾಲಿ ಬಿದ್ದವ್ನಲ್ಲಾ. ಇನ್ಮೇಲೆ ಇವನ್ನ ಕಟ್ಟುದ್ರೆ ಏನ್ ಬೀಳ್ತದೋ ಕಾಣ್ನಪ್ಪ" ಎಂದ. ಬಾಣದ ದಾರಿಯಲ್ಲಿದ್ದ ಬೆಂಗಳೂರಿನವರೂ ಗಲಾಟೆ ಕೇಳಿ ಬಂದರು. ಅಂದರೆ ಆ ದಾರಿ ಒಂದು ಕೂಗಳತೆಯಲ್ಲೇ ಇತ್ತು. ಅವರಲ್ಲೊಬ್ಬಳು ಸೌಮ್ಯಶ್ರೀಯ ಕೈಗೆ ಮುಲಾಮು ಹಚ್ಚಿದಳು. ಅದು ನಾನು ಮಾಡಬೇಕಿದ್ದ ಕೆಲಸ ಎಂದು ಆಗ ಹೊಳೆಯಿತು. ಆದರೆ ಕಂಬಿಯಾಚೆಗೆ ನನ್ನ ಬೆರಳಷ್ಟೇ ಹೋಗುತ್ತಿತ್ತು.

ವಾಚರ್ ದಿಲೀಪ ಬಂದವನೇ ಮೇಲಿನವರಿಗೆ ಫೋನು ಮಾಡಿದ. "ಸಾ, ಬಾಗ್ಲು ಬಿದ್ದದೆ ಸಾ. ಇಲ್ಲ ಸಾ, ಅದಲ್ಲ. ಮನುಷ್ಯ ಸಾ. ಗಂಡು ಸಾ." ಆಮೇಲೆ ಸೌಮ್ಯಶ್ರೀಯ ಕಡೆ ತಿರುಗಿ ಕೇಳಿದ, "ಒಳಗಿರೋರು ನಿಮಗೇನಾಗ್ಬೇಕಮ್ಮ?"

ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. "ನಮ್ಮೂರೋರು" ಎಂದಳು.

ಜನ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ.

ದಿಲೀಪ ಬೀಗ ತೆಗೆದು ನನ್ನನ್ನು ಬಿಡಿಸಿ, ನಾವು ಮನೆ ಸೇರುವ ಹೊತ್ತಿಗೆ ನನ್ನ ವಿಡಿಯೋ ನಾಗಮಂಗಲದ ನೆಂಟರ ಮನೆ ದಾಟಿ ಮೈಸೂರಿನ ಹಾಸ್ಟೆಲಿನಲ್ಲಿರುವ ಮಗಳು ಭೂಮಿಕಳನ್ನು ತಲುಪಿತ್ತು. ಅವಳು ಫೋನು ಮಾಡಿದಳು. ನಗುತ್ತಾಳೆಂದು ನಾನೇ ಮೊದಲು ನಕ್ಕೆ.

"ಅಪ್ಪ, ನೀವು ಒಳಗಿದ್ರಿ. ಅಮ್ಮ ಎಲ್ಲಿದ್ರು?"

"ಹೊರಗಡೆ."

"ಫೋನ್ ಅಮ್ಮಂಗೆ ಕೊಡಿ."

ಸೌಮ್ಯಶ್ರೀ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಊಟ ಬಡಿಸಿದಳು, ಬಟ್ಟೆ ಒಗೆದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅಷ್ಟೇ. ವಾರ ಕಳೆದು ಮುಂದಿನ ಭಾನುವಾರ ಬೆಳಿಗ್ಗೆ ನೋಡಿದರೆ ಮತ್ತೆ ಶೂ ಕಟ್ಟುತ್ತಿದ್ದಾಳೆ. ಹೊರಗೆ ಪಕ್ಕದ ಬೀದಿಯ ಮೂಗಮ್ಮ ಕೋಲೂರಿಕೊಂಡು ನಿಂತಿದ್ದಾರೆ. ಮಂಡಿ ಹೋಗಿ ಬಹಳ ವರ್ಷವಾದ ಮುದುಕಿ. ಹೊಸ್ತಿಲು ದಾಟಲೂ ಬಾಗಿಲು ಹಿಡಿಯಬೇಕು.

"ಎಲ್ಲಿಗೆ?" ಎಂದೆ.

"ಹೊಳೆಗಂಟ. ಬಾಣದ ದಾರೀಲಿ."

"ನಾನೂ ಬತ್ತೀನಿ. ಈ ಸಲ ಬಾಣ ಹೇಳ್ದಂಗೆ ಕೇಳ್ತೀನಿ."

"ಬ್ಯಾಡ."

"ಚಿರತೆ ಇನ್ನೂ ಸಿಕ್ಕಿಲ್ಲ ಕಣೇ. ಪಾಪ, ಮೂಗಮ್ಮನ ಕೈಲಿ ಎರಡೆಜ್ಜೆ ಓಡಕ್ಕೂ ಆಗಕಿಲ್ಲ."

ಅವಳು ಶೂ ದಾರ ಬಿಗಿದು ಎದ್ದಳು. ಮೂಗಮ್ಮನ ಕೈ ಹಿಡಿದುಕೊಂಡಳು.

"ಅದುಕ್ಕೇ ಅವ್ರ ಜತೆ ಹೋಗ್ತಿರೋದು" ಎಂದಳು.