ಮುತ್ತಜ್ಜನ ಕಿಟಕಿ

ಬಡಗಿಯ ಆ ಹಳೇ ರಸೀದಿ ಕಣ್ಣಿಗೆ ಬೀಳದಿದ್ದರೆ ಗುಮಾಸ್ತ ಅಚ್ಚುಕಟ್ಟಪ್ಪ ಸಂಜೆಯೊಳಗೆ ಮ್ಯಾನೇಜರ್ ಆಗಿಬಿಡುತ್ತಿದ್ದ.

ನಾಲ್ಕು ತಲೆಮಾರು ಕಂಡ ಮನೆತನದ ಬ್ಯಾಂಕು ಅದು. "ನಮ್ಮ ನೂರು ವರ್ಷದ ಚರಿತ್ರೆ ಬರೆದುಕೊಡು, ಮ್ಯಾನೇಜರ್ ಕುರ್ಚಿ ನಿಂದೇ" ಎಂದಿದ್ದರು ಯಜಮಾನರು. ಪುಸ್ತಕ ಇವತ್ತೇ ಅಚ್ಚಿಗೆ ಹೋಗಬೇಕು.

ಮನೆತನಕ್ಕೆ ಒಂದು ಹೆಮ್ಮೆಯಿತ್ತು. ಬ್ಯಾಂಕು ಮುಳುಗಿತೆಂದು ಪುಕಾರೆದ್ದು ಜನ ಮುತ್ತಿದ ದಿನ, ಮುತ್ತಜ್ಜ ಹಿಂದಿನ ಕಿಟಕಿಯಿಂದ ಹೊರಗೆ ಬಗ್ಗಿ ಆರಾಮಾಗಿ ಗಾಳಿ ತೆಗೆದುಕೊಳ್ಳುತ್ತಿದ್ದರಂತೆ. ಮುಂಬಾಗಿಲಿಂದ ಅವರ ಬೆನ್ನು ಕಂಡ ಜನ ಧೈರ್ಯ ತಂದುಕೊಂಡು ಮನೆಗೆ ಹೋದರಂತೆ. ಅದೇ ದಿನದ ಆ ರಸೀದಿಯಲ್ಲಿ ಮಾತ್ರ ಹೀಗಿತ್ತು: 'ಕಿಟಕಿಯಲ್ಲಿ ಸಿಕ್ಕಿಕೊಂಡ ಯಜಮಾನರನ್ನು ಬಿಡಿಸಲು ಚೌಕಟ್ಟು ಕೊಯ್ದ ಕೂಲಿ.' ಓಡಿಹೋಗಲು ಹೊರಟವರಿಗೆ ಹೊಟ್ಟೆ ಅಡ್ಡ ಬಂದಿತ್ತು!

ಅಚ್ಚುಕಟ್ಟಪ್ಪ ಇದ್ದದ್ದನ್ನು ಇದ್ದ ಹಾಗೆ ಬರೆದ. ಸುದ್ದಿ ಹಬ್ಬಿತು.

"ಕಿಟಕಿಗೆ ಗೆದ್ದಲು ಹಿಡಿದಿತ್ತು ಅಂತ ಬರಿಯಯ್ಯ" ಎಂದ ಯಜಮಾನರ ಮಗ.

"ಬೇಡ ಮಾರಾಯ, ಸುಮ್ನಿರು" ಎಂದು ಕಿವಿಯಲ್ಲಿ ಉಸುರಿದ ಕ್ಯಾಷಿಯರ್.

ಯಜಮಾನರ ತಂಗಿಯಂತೂ ಹಾಳೆ ಕಿತ್ತುಕೊಂಡು ಚಿಂದಿ ಮಾಡಿದರು. "ನಮ್ಮ ಅನ್ನ ತಿಂದು ನಮ್ಮಜ್ಜನ್ನೇ ಆಡ್ಕೊಳ್ತೀಯಾ?"

ಅಚ್ಚುಕಟ್ಟಪ್ಪನಿಗೆ ರೇಗಿತು. "ಹರಿದಷ್ಟು ಸಲ ಬರೀತೀನಮ್ಮ! ಇಪ್ಪತ್ತೆರಡು ವರ್ಷದಲ್ಲಿ ಈ ಕೈ ಒಂದು ಸುಳ್ಳು ಬರೆದಿಲ್ಲ. ನಿಮ್ಮಜ್ಜನ ಹೊಟ್ಟೆಗೋಸ್ಕರ ಈಗ ಬರೆಯಲ್ಲ. ಕೆಲಸ ಹೋದ್ರೆ ಹೋಗ್ಲಿ!"

ಅವರು ಮೂರು ಸಲ ಹರಿದರು, ಇವನು ನಾಲ್ಕು ಸಲ ಬರೆದ. ನಾಲ್ಕನೆಯದನ್ನು ಎದೆಗೆ ಅವುಚಿಕೊಂಡು ಯಜಮಾನರ ಕೋಣೆಗೆ ನುಗ್ಗಿದ.

ಓದಿದ ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಒಂದಕ್ಷರ ಬದಲಾಯಿಸ್ಬೇಡ. ನಮ್ಮ ಬಗ್ಗೆ ನಾವೇ ನಿಜ ಹೇಳಿದ್ರೆ ಜನ ಇನ್ನಷ್ಟು ನಂಬ್ತಾರೆ."

ಅಚ್ಚುಕಟ್ಟಪ್ಪ ಎದೆಯುಬ್ಬಿಸಿದ. "ಹಾಗಾದ್ರೆ ಮ್ಯಾನೇಜರ್ ಕುರ್ಚಿ..."

"ಅದಾಗಲ್ಲಪ್ಪ. ಈ ರಸೀದಿ ಕ್ಯಾಷಿಯರ್‌ಗೆ ಹತ್ತು ವರ್ಷದ ಹಿಂದೇನೇ ಸಿಕ್ಕಿತ್ತು. ನನಗೆ ತೋರಿಸಿ ಇದ್ದಲ್ಲೇ ಇಟ್ಟ. ಇವತ್ತಿಗೂ ಹೆಂಡತಿ ಹತ್ರ ಕೂಡ ಬಾಯಿ ಬಿಟ್ಟಿಲ್ಲ. ನನಗೆ ತೋರಿಸೋವರೆಗೂ ಮನೆ ಗುಟ್ಟೇ ನಿನ್ನ ಹೊಟ್ಟೇಲಿ ನಿಲ್ಲಲಿಲ್ಲ, ಇನ್ನು ಗಿರಾಕಿಗಳ ಗುಟ್ಟು ನಿಲ್ಲುತ್ತಾ? ಕುರ್ಚಿ ಅವನಿಗೆ."

"ಈ ಅನ್ಯಾಯಾನೂ ಕೊನೇ ಅಧ್ಯಾಯದಲ್ಲಿ ಬರೀತೀನಿ ಯಜಮಾನ್ರೇ!"

"ಧಾರಾಳವಾಗಿ ಬರಿ" ಎಂದರು ಯಜಮಾನರು. "ಅಚ್ಚಿಗೆ ಕಳಿಸೋ ಮುಂಚೆ ಹೊಸ ಮ್ಯಾನೇಜರ್ ಹತ್ರ ಸಹಿ ಹಾಕಿಸ್ಕೋ."