ಹುಣಸೆ ಬೀಜದ ಜ್ವರ

ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ಜ್ವರಕ್ಕಿಂತ ಮತ್ಸರವೇ ಹೆಚ್ಚು ಏರುತ್ತಿತ್ತು. ಹೀಗೆಂದು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ. ನನಗಿಂತ ಮುಂಚೆ ಅಲ್ಲಿ ಜವಾನರಾಗಿದ್ದವರು. ಕೆಳಗಿನ ಮೊದಲ ಪ್ರಸಂಗ ಅವರದು. ಉಳಿದವು, ನಮ್ಮ ದೇವರು ಶರಣಬಸಪ್ಪನ ಸಾಕ್ಷಿಯಾಗಿ, ನಾನೇ ಕಂಡವು.

ಗಡಿಗೆ ಪೂಜೆ

ನಿಜಾಮರ ಕಾಲ. ಯಾವ ಋತುವಿನಲ್ಲಿ ಯಾವ ಬ್ಯಾನಿ ಏರುತ್ತದೆಂದು ತಿಳಿಯಲು ಕಲಬುರ್ಗಿಯ ದೊಡ್ಡ ಸಾಹೇಬರು ಒಂದು ಹಿಕಮತ್ತು ಮಾಡಿದರು. ದವಾಖಾನೆಯ ಕಟ್ಟೆಯ ಮೇಲೆ ಮೂರು ಗಡಿಗೆ: ಜ್ವರಕ್ಕೊಂದು, ಹೊಟ್ಟೆಬ್ಯಾನಿಗೊಂದು, ಕೆಮ್ಮಿಗೊಂದು. ಔಷಧಕ್ಕೆ ಬಂದವರು ತಮ್ಮ ಬ್ಯಾನಿಯ ಗಡಿಗೆಗೆ ಒಂದು ಹುಣಸೆ ಬೀಜ ಹಾಕಬೇಕು. ಸಂತೆಯ ದಿನ ಬೀಜ ಎಣಿಸಿ ಕಲಬುರ್ಗಿಗೆ ತಿಳಿಸಬೇಕು. ಅದನ್ನು ನೋಡಿ ಅಲ್ಲಿಂದ ಔಷಧ ಬರಬೇಕು.

ಮೊದಲ ಸಂತೆಗೇ ಜ್ವರದ ಗಡಿಗೆ ತುಂಬಿ ಚೆಲ್ಲಿತು. ಔಷಧ ಮಾತ್ರ ಒಂದು ಬಾಟಲಿಯೂ ಖರ್ಚಾಗಿಲ್ಲ. ಡಾಕ್ಟರು ಹೊರಗೆ ಬಂದು ನೋಡಿದರೆ ಒಬ್ಬ ಮುದುಕಿ ಬೀಜ ಕಣ್ಣಿಗೊತ್ತಿಕೊಂಡು ಹಾಕುತ್ತಿದ್ದಾಳೆ.

"ಜ್ವರ ಬಂದದೇನವ್ವಾ?"

"ಇಲ್ರೀ ಯಪ್ಪಾ. ಬರಬಾರದಂತ ಹಾಕಾಕತ್ತೀನಿ."

ಎದುರು ಕಟ್ಟೆ

ಮಾವನ ಜಾಗಕ್ಕೆ ನಾನು ಬಂದ ವರ್ಷ, ಮಳೆಗಾಲ ಮುಗಿಯುತ್ತಲೇ ಖರೆ ಜ್ವರ ಬಂತು. ನಮ್ಮ ಗಡಿಗೆ ಬರಿದು. ಮಂದಿಯೆಲ್ಲ ಎದುರು ಮನೆಯ ನಾಟಿ ವೈದ್ಯರ ಕಟ್ಟೆಯ ಮೇಲೆ. ಕಲಬುರ್ಗಿಯಿಂದ ಮಾತು ಬಂತು: ಕಮಲಾಪುರದಲ್ಲಿ ಬ್ಯಾನಿಯೇ ಇಲ್ಲ, ದವಾಖಾನೆಯನ್ನು ಬೇರೆ ಊರಿಗೆ ಒಯ್ಯೋಣ. ಡಾಕ್ಟರಿಗೆ ಊಟ ಸೇರಲಿಲ್ಲ. ಕಿಟಕಿಯಲ್ಲಿ ನಿಂತು ಎದುರು ಕಟ್ಟೆ ನೋಡುವುದೇ ಕೆಲಸವಾಯಿತು.

"ಹೋಗು, ಅವನ ಕಡೆ ಎಷ್ಟು ಮಂದಿ ಬರತಾರ, ಎಣಿಸಿಕೊಂಡು ಬಾ."

ಹೋದೆ. ಸುಮ್ಮನೆ ಕೂತರೆ ಚೆಂದವಲ್ಲವೆಂದು ಕೈ ಚಾಚಿದೆ. ವೈದ್ಯರು ನಾಡಿ ಹಿಡಿದು, ಮನೆಯವರ ಕ್ಷೇಮ ಕೇಳಿ, ಜೇನು ಬೆರೆಸಿದ ಕಷಾಯ ಕೊಟ್ಟರು. ಬಹಳ ದಿನದ ಸೊಂಟನೋವು ಸಡಿಲಾಯಿತು.

"ಎಷ್ಟು ಮಂದಿ?" ಅಂದರು ಡಾಕ್ಟರು.

"ನನ್ನ ಹಿಡದು ಹೇಳ್ಲೋ, ಬಿಟ್ಟು ಹೇಳ್ಲೋ ಸಾಹೇಬ್ರ?"

ಎತ್ತಿನ ಕ್ಷೇಮ

"ನಮ್ಮ ಕಡೆ ಇಲ್ಲದ್ದು ಅವನ ಕಡೆ ಏನದ?" ಎಂದು ಡಾಕ್ಟರು ನನ್ನನ್ನು ಮತ್ತೆ ಮತ್ತೆ ಕೇಳಿದರು.

"ಅವರು ಮನಿಮಂದಿ, ದನಕರ ಎಲ್ಲಾ ವಿಚಾರಸ್ತಾರ್ರೀ. ನೀವು ಬಾಯಿ ತೆಗಿ ಅಂತೀರಿ, ಮುಚ್ಚು ಅಂತೀರಿ."

ಮರುದಿನ ಅಪರೂಪಕ್ಕೆ ಒಬ್ಬ ರೈತ ಬಂದ. ವೈದ್ಯರಿಗಿಂತ ಒಂದು ಕೈ ಮೇಲಾಗಬೇಕೆಂದು ಡಾಕ್ಟರು ಮೊದಲಿಗೇ ಕೇಳಿದರು: "ನಿಮ್ಮ ಎತ್ತು ಹ್ಯಾಂಗದ?" ರೈತ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಕುಂಟುವ ಎತ್ತನ್ನು ತಂದು ದವಾಖಾನೆಯ ಕಂಬಕ್ಕೆ ಕಟ್ಟಿದ.

"ಕೇಳಿದವ್ರು ನೀವೊಬ್ರೇ ನೋಡ್ರಿ. ಇದರ ಬೀಜ ಯಾವ ಗಡಿಗ್ಯಾಗ ಹಾಕ್ಲಿ?"

ಡಾಕ್ಟರ ಬೀಜ

ಮತ್ಸರ ಒಂದೇ ಕಡೆ ಇರಲಿಲ್ಲ. ಸರ್ಕಾರ ಡಾಕ್ಟರ ಬೀಜ ಮಾತ್ರ ಎಣಿಸುತ್ತದೆಂದು ವೈದ್ಯರಿಗೂ ಉರಿಯುತ್ತಿತ್ತು. ಅವರೂ ತಮ್ಮ ಕಟ್ಟೆಯ ಮೇಲೆ ಮೂರು ಗಡಿಗೆ ಇಟ್ಟರು, ನಮ್ಮವಕ್ಕಿಂತ ದೊಡ್ಡವು.

ದವಾಖಾನೆಯನ್ನು ಇಡುವುದೋ ಒಯ್ಯುವುದೋ ನೋಡಲು ದೊಡ್ಡ ಸಾಹೇಬರು ಟಾಂಗಾದಲ್ಲಿ ಬಂದರು. ಹುದ್ದೆಗೆ ಹೊಸಬರು, ಇಲ್ಲಿ ಯಾರ ಮುಖವೂ ಗೊತ್ತಿಲ್ಲ. ತುಂಬಿದ ಗಡಿಗೆ, ತುಂಬಿದ ಕಟ್ಟೆ ಕಂಡು ಅದೇ ದವಾಖಾನೆ ಎಂದುಕೊಂಡು ವೈದ್ಯರ ಬೆನ್ನು ತಟ್ಟಿದರು. "ಶಾಬಾಸ್ ಡಾಕ್ಟರ್. ಇಷ್ಟು ಜ್ವರ ಇದ್ದ ಊರಿಂದ ದವಾಖಾನಿ ತೆಗೀತಾರೇನು?" ವೈದ್ಯರು ಮೀಸೆಯಲ್ಲೇ ನಕ್ಕರು.

ನಮ್ಮ ಡಾಕ್ಟರು ಓಡಿಬಂದು ಬಾಯಿ ತೆರೆದರು. ಖರೆ ಹೇಳಿದರೆ ದವಾಖಾನೆ ಹೋಗುತ್ತದೆ. ತೆರೆದ ಬಾಯಿ ಹಾಗೇ ಉಳಿಯಿತು.

"ಪಾಪ, ಇವರಿಗೂ ಜ್ವರ ಕಾಣತದ" ಎಂದು ಸಾಹೇಬರು ಒಂದು ಬೀಜ ಅವರ ಕೈಗಿಟ್ಟರು. ಡಾಕ್ಟರು ಅದನ್ನು ಕಣ್ಣಿಗೊತ್ತಿಕೊಂಡು ವೈದ್ಯರ ಗಡಿಗೆಗೆ ಹಾಕಿದರು.

ಟಾಂಗಾ ಹೋದ ಮೇಲೆ ಮೆಲ್ಲಗೆ ಕೇಳಿದೆ, "ಖರೇನ ಜ್ವರ ಬಂದದೇನ್ರೀ?"

"ಇಲ್ಲೋ. ಆ ಸಾಹೇಬ ತಿರುಗಿ ಬರಬಾರದಂತ ಹಾಕೀನಿ."

ಇದನ್ನು ನಿಮ್ಮ ಮನೆಯ ಕಟ್ಟೆಯ ಮೇಲೂ ನಾಲ್ಕು ಮಂದಿಗೆ ಹೇಳಿರಿ. ಹೇಳುವಾಗ ಆ ಶಾಬಾಸನ್ನು ಮಾತ್ರ ನಮ್ಮ ಡಾಕ್ಟರ ಬೆನ್ನಿಗೆ ತಟ್ಟಿಬಿಡಿರಿ. ಅವರ ಜೀವಕ್ಕೂ ಸಮಾಧಾನವಾಗಲಿ.